ಓದುಗರ ಪ್ರಶ್ನೆ: ಕೊಟೇಶನ್, ನುಡಿ ಕಡತ, ಸಂದು ಚುಕ್ಕಿ

ಪ್ರಶ್ನೆ: ಫ್ರೀಲಾನ್ಸ್ ಆಗಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಬಟ್ಟೆ ಅಂಗಡಿಯೊಂದರ ಕೆಲಸ ಮುಗಿದಿದೆ. ಆದರೆ ‘ಇದೊಂದು ಸಣ್ಣ ಬದಲಾವಣೆ’ ಎನ್ನುತ್ತಾ ಅರ್ಧ ದುಡ್ಡು ಬಾಕಿ ಇಟ್ಟಿದ್ದಾರೆ. ಇನ್ನೊಂದು ಕಂಪನಿ ಬಿಲ್ಲಿನಲ್ಲಿ 10% ಹಿಡಿದುಕೊಂಡಿತು. ಏನು ಮಾಡಲಿ? – ಹೆಸರು ಬೇಡ, ದಾವಣಗೆರೆ

ಉತ್ತರ: ಕೊಟೇಶನ್‌ನಲ್ಲಿ ‘ವೆಬ್‌ಸೈಟ್’ ಎಂದಷ್ಟೇ ಬರೆದರೆ ಹೀಗೇ ಆಗುವುದು. ಎಷ್ಟು ಪುಟ, ಎಷ್ಟು ಸುತ್ತು ತಿದ್ದುಪಡಿ (ಎರಡು ಸಾಕು), ಫೋಟೊ ಮತ್ತು ಬೆಲೆಪಟ್ಟಿ ಯಾವ ತಾರೀಖಿನೊಳಗೆ ಬರಬೇಕು, ಇಷ್ಟನ್ನು ಬರೆದುಕೊಳ್ಳಿ. ಹಣವನ್ನು ಮುಂಗಡ 40%, ವಿನ್ಯಾಸ ಒಪ್ಪಿದಾಗ 30%, ಲೈವ್ ಮಾಡುವ ಮುನ್ನ 30% ಎಂದು ಒಡೆಯಿರಿ. ಅಲ್ಲಿಯವರೆಗೆ ನಿಮ್ಮದೇ ಸಬ್‌ಡೊಮೈನಿನಲ್ಲಿ ಪಾಸ್‌ವರ್ಡ್ ಹಾಕಿ ತೋರಿಸಿ. ಡೊಮೈನ್ ಮಾತ್ರ ಮೊದಲ ದಿನದಿಂದಲೇ ಅಂಗಡಿಯವರ ಹೆಸರಿನಲ್ಲಿರಲಿ. ಬಾಕಿಗಾಗಿ ಅದನ್ನು ಹಿಡಿದಿಟ್ಟುಕೊಂಡರೆ ಊರಲ್ಲಿ ಕೆಡುವುದು ನಿಮ್ಮ ಹೆಸರೇ. ಈಗ ಸದ್ಯಕ್ಕೆ, ಇದುವರೆಗಿನ ತಿದ್ದುಪಡಿಗಳ ಪಟ್ಟಿಯನ್ನು ವಾಟ್ಸಾಪ್ ಮಾಡಿ, ಮುಂದಿನವಕ್ಕೆ ಗಂಟೆ ಲೆಕ್ಕದ ದರ ತಿಳಿಸಿ.

ಆ 10% ಟಿಡಿಎಸ್ (ಹಣ ಕೊಡುವವರೇ ಮೊದಲು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಇರಬೇಕು, ಅದು ನಷ್ಟವಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ತೆರಿಗೆ ಜಮಾ ವಿವರದಲ್ಲಿ (ಫಾರ್ಮ್ 26ಎಎಸ್) ಬಂದಿದೆಯೇ ನೋಡಿ. ರಿಟರ್ನ್ ಹಾಕಿದಾಗ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ.

ಪ್ರಶ್ನೆ: ನಮ್ಮೂರ ಶಾಲೆಗೆ ಉಚಿತವಾಗಿ ಸೈಟ್ ಮಾಡುತ್ತಿದ್ದೇನೆ. ಹಳೆಯ ಸ್ಮರಣ ಸಂಚಿಕೆಯನ್ನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಕೊಟ್ಟಿದ್ದಾರೆ. ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. – ಓದುಗಿ, ಸಾಗರ

ಉತ್ತರ: ಹಳೆಯ ನುಡಿ ಕಡತಗಳಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಆ ಫಾಂಟ್ ಇದ್ದರಷ್ಟೇ ಕನ್ನಡ ಕಾಣುತ್ತದೆ, ಗೂಗಲ್ ಹುಡುಕಾಟಕ್ಕಂತೂ ಸಿಗದು. ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ವ್ಯವಸ್ಥೆ) ಬದಲಿಸುವ ಕನ್ವರ್ಟರ್‌ಗೆ ಹಾಕಿ, ಆದರೆ ನಂಬಿ ಕೂರಬೇಡಿ. ನಡುವೆ ಇದ್ದ ಇಂಗ್ಲಿಷ್ ಪದಗಳು, ಮಿಂಚಂಚೆ ವಿಳಾಸಗಳು ಕನ್ನಡದ ಗೋಜಲಾಗುತ್ತವೆ. ಕನ್ವರ್ಟರ್‌ಗೆ ಎರಡೂ ಒಂದೇ, ಅದಕ್ಕೇ ಅವನ್ನು ಮೊದಲೇ ಎತ್ತಿಟ್ಟುಕೊಳ್ಳಿ. ಅರ್ಕಾವತ್ತು ಇನ್ನೊಂದು ತಲೆನೋವು: ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ಹಲವು ಡಿಟಿಪಿಯವರು ಅರ್ಕಾವತ್ತಿನ ಬದಲು ೯ ಅಂಕಿಯನ್ನೇ ಒತ್ತಿರುತ್ತಾರೆ. ಆಗ ‘ಸೂರ್ಯ’ ಹೋಗಿ ‘ಸೂಯ೯’ ಉಳಿಯುತ್ತದೆ. ಕೊನೆಗೊಮ್ಮೆ ೯ ಹುಡುಕಿ, ಅಕ್ಷರಕ್ಕೆ ಅಂಟಿಕೊಂಡಿರುವುದನ್ನೆಲ್ಲ ಕೈಯಲ್ಲೇ ತಿದ್ದಿ. ಹೆಸರುಗಳ ಪಟ್ಟಿಯನ್ನು ಮೇಷ್ಟ್ರ ಹತ್ತಿರ ಓದಿಸಿ. ಹೆಸರು ತಪ್ಪಿದರೆ ಹಳೆ ವಿದ್ಯಾರ್ಥಿಗಳು ಬಿಡುವುದಿಲ್ಲ!

ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಆಗಬಹುದು, ರೆಗ್ಯುಲರ್ ಮತ್ತು ಬೋಲ್ಡ್ ಎರಡೇ ಸಾಕು. ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಅಳತೆಯ 1.7 ಪಟ್ಟಿನ ಆಸುಪಾಸು ಇರಲಿ. ಇಂಗ್ಲಿಷಿಗೆ ಸಾಲುವ 1.2 ಇಟ್ಟರೆ ‘ಶಾಸ್ತ್ರ’ದಂಥ ಪದಗಳ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಟನ್ನಿನಲ್ಲಿ ಎತ್ತರ ಬಿಗಿಮಾಡಿದರೆ ಒತ್ತು ಕತ್ತರಿಸಿಯೇ ಹೋದೀತು. ಡೊಮೈನ್ ಶಾಲೆಯ ಇಮೇಲ್‌ನಲ್ಲಿರಲಿ, ನವೀಕರಣದ ತಾರೀಖು ಕಚೇರಿಯ ಗೋಡೆ ಕ್ಯಾಲೆಂಡರಿನಲ್ಲಿರಲಿ.

ಪ್ರಶ್ನೆ: ಕೋಡ್‌ನಲ್ಲಿ ರಂಗೋಲಿ ಬಿಡಿಸುವ ಹವ್ಯಾಸ ಹಿಡಿದಿದೆ. ಪಿ5 ಜೆಎಸ್‌ನಲ್ಲಿ (ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) 7ರಿಂದ 4 ಸಂದು ಚುಕ್ಕಿ, ಅಂದರೆ ಮೇಲಿನ ಸಾಲಿನ ಚುಕ್ಕಿಗಳ ಸಂದಿಗೆ ಕೆಳಗಿನವು ಬರುವಂತೆ, ಹಾಕಿದರೆ ಸೊಟ್ಟಗೆ ಬರುತ್ತದೆ. – ಓದುಗ, ಮೈಸೂರು

ಉತ್ತರ: ಸಾಲುಗಳು 4, 5, 6, 7, 6, 5, 4, ಒಟ್ಟು 37 ಚುಕ್ಕಿ. ಪ್ರತಿ ಸಾಲನ್ನೂ ನಡುವಿಗೆ ಹೊಂದಿಸಿದರೆ ಅರ್ಧ ಚುಕ್ಕಿ ಸರಿಯುವುದು ತಾನಾಗಿ ಆಗುತ್ತದೆ. ನೀವು ಎಡವಿರುವುದು ಬಹುಶಃ ಸಾಲುಗಳ ಅಂತರದಲ್ಲಿ. ಅಡ್ಡಕ್ಕೆ 40 ಪಿಕ್ಸೆಲ್ ಇಟ್ಟು ಉದ್ದಕ್ಕೂ 40 ಇಟ್ಟರೆ ಆಕೃತಿ ಎಳೆದಂತಾಗುತ್ತದೆ. ಅಕ್ಕಪಕ್ಕದ ಮೂರು ಚುಕ್ಕಿಗಳು ಸಮಬಾಹು ತ್ರಿಭುಜವಾಗಲು ಉದ್ದದ 40ನ್ನು 0.866ರಿಂದ ಗುಣಿಸಿ, ಸುಮಾರು 34.6 ಇಡಿ. ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆಯಿಂದ ಸೇರಿಸುವಾಗ ‘ದೂರ 40ಕ್ಕೆ ಸಮವೇ’ ಎಂದು ಕೇಳಬೇಡಿ, ದಶಮಾಂಶಗಳಿಂದಾಗಿ ಅರ್ಧ ಗೆರೆಗಳು ಮಾಯವಾಗುತ್ತವೆ. ‘41ಕ್ಕಿಂತ ಕಡಿಮೆಯೇ’ ಎಂದು ಕೇಳಿ. ಬಣ್ಣವನ್ನು ರ‍್ಯಾಂಡಮ್‌ಗೆ ಬಿಟ್ಟಿದ್ದರೆ ‘ನೋಲೂಪ್’ (ಒಮ್ಮೆ ಬಿಡಿಸಿ ನಿಲ್ಲಿಸುವ ಆದೇಶ) ಹಾಕಿ. ಇಲ್ಲದಿದ್ದರೆ ಡ್ರಾ ಫಂಕ್ಷನ್ ಸೆಕೆಂಡಿಗೆ 60 ಸಲದಷ್ಟು ಓಡಿ, ರಂಗೋಲಿ ಸೀರಿಯಲ್ ಬಲ್ಬಿನಂತೆ ಮಿಣುಕುತ್ತದೆ.