ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವ ಪಿಕಪ್: ಮೊದಲು ಅರ್ತ್ ನೋಡಿ

ನಿಮ್ಮ ಪಿಕಪ್‌ನಲ್ಲಿ ಬ್ರೇಕ್ ಒತ್ತಿದಾಗ ಎಡಗಡೆ ಇಂಡಿಕೇಟರ್ ಮಂಕಾಗಿ ಉರಿಯುತ್ತೆ, ಆಗಾಗ ಸೆಲ್ಫ್ ನಿಧಾನವಾಗಿ ತಿರುಗುತ್ತೆ, ಬ್ಯಾಟರಿ ಹೊಸದು ಹಾಕಿಯಾಯ್ತು, ಇನ್ನು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬದಲಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಅರ್ತ್ ಮೇಲೆಯೇ ಅನುಮಾನ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಜೋಡಣೆಯ ಮೇಲೆ.

ಬಲ್ಬಿಗೆ ಬಂದ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗಲೇಬೇಕು, ಅಲ್ವಾ? ಹಿಂದಿನ ಲ್ಯಾಂಪಿನ ಅರ್ತ್ ತುಕ್ಕು ಹಿಡಿದಿದ್ದರೆ ಆ ಕರೆಂಟ್ ಬೇರೆ ದಾರಿ ಹುಡುಕುತ್ತೆ. ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ಹೊಕ್ಕು, ಅದರ ವೈರ್ ಹಿಡಿದು, ಮುಂದಿನ ಇಂಡಿಕೇಟರ್ ಮೂಲಕ ಅರ್ತ್ ಸೇರುತ್ತೆ. ಹಾಗಾಗಿ ಎಲ್ಲ ಬಲ್ಬೂ ಅರೆಬರೆ ಉರಿಯುತ್ತವೆ.

ಪಿಕಪ್‌ಗಳಲ್ಲಿ ಈ ಕಾಟ ಜಾಸ್ತಿ. ಎಂಜಿನ್ ಮತ್ತು ಕ್ಯಾಬಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತವೆ, ಹಿಂದಿನ ಲೋಡ್ ಬಾಡಿ ಬೇರೆಯೇ ಇರುತ್ತೆ. ಇವನ್ನೆಲ್ಲ ಛಾಸಿಗೆ (ಗಾಡಿಯ ಕೆಳಗಿನ ಲೋಹದ ಚೌಕಟ್ಟಿಗೆ) ಮತ್ತು ಬ್ಯಾಟರಿಗೆ ಜೋಡಿಸುವುದು ಕೆಲವೇ ಅರ್ತ್ ವೈರುಗಳು, ಪಟ್ಟಿಗಳು. ಕೆಸರು, ನೀರು, ಲೋಡಿನ ಅದುರಾಟ ಎಲ್ಲವೂ ಅವುಗಳ ಮೇಲೆಯೇ.

ಪರೀಕ್ಷೆ ಮಾಡುವಾಗ ಮಲ್ಟಿಮೀಟರಿನ ಓಮ್ (ರೆಸಿಸ್ಟೆನ್ಸ್) ಅಳತೆ ಅಥವಾ ಬೀಪ್ ಸೌಂಡ್ ನಂಬಬೇಡಿ. ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತೆ. ಸೆಲ್ಫ್ ಮೋಟಾರ್‌ಗೆ ನೂರಾರು ಆಂಪಿಯರ್ ಬೇಕು, ಒಂದು ಎಳೆ ಅದನ್ನು ಹೇಗೆ ತಾಳುತ್ತೆ? ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕೆಂಪು ಕಡ್ಡಿ ಎಂಜಿನ್ನಿನ ಪೇಂಟ್ ಇಲ್ಲದ ಜಾಗಕ್ಕೆ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ (ಟರ್ಮಿನಲ್) ತಾಗಬೇಕು, ಅದರ ಮೇಲಿನ ಕೇಬಲ್ ಕ್ಲ್ಯಾಂಪ್‌ಗೆ ಅಲ್ಲ. ಗಾಡಿ ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್ ಬ್ರೇಕ್ ಹಾಕಿರಲಿ. ಇನ್ನೊಬ್ಬರಿಗೆ ಒಂದೆರಡು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ಆಗ ಮೀಟರ್ ತೋರಿಸುವುದು ಅರ್ತ್ ದಾರಿಯಲ್ಲಿ ಕಳೆದುಹೋಗುವ ವೋಲ್ಟ್. ಅದು 0.2 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. 0.5 ದಾಟಿದರೆ ಕಳ್ಳ ಸಿಕ್ಕ ಹಾಗೆ. ಹಿಂದಿನ ಲ್ಯಾಂಪಿಗೂ ಇದೇ ಕ್ರಮ: ಒಂದು ಉದ್ದ ವೈರ್ ಸೇರಿಸಿಕೊಂಡು, ಹೋಲ್ಡರಿನ ಅರ್ತ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ, ಬ್ರೇಕ್ ಒತ್ತಿ ಹಿಡಿದಾಗ ಅಳೆಯಿರಿ. ಟ್ರೇಲರ್ ಕನೆಕ್ಟರ್ ಇದ್ದರೆ ಅದನ್ನೂ ಬಿಚ್ಚಿ ನೋಡಿ. ಒಳಗೆ ಹಸಿರು ಕಿಲುಬು ಕಟ್ಟಿರುವುದು ತುಂಬಾ ಸಾಮಾನ್ಯ.

ರಿಪೇರಿ ಸುಲಭ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಅರ್ತ್ ಬೋಲ್ಟ್ ತೆಗೆದು, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ವೈರ್ ಒಳಗೇ ಕಪ್ಪಾಗಿದ್ದರೆ ಹೊಸದು ಹಾಕಿ. ಒಂದು ಮಾತು ಕೈ ಮುಗಿದು ಹೇಳ್ತೀನಿ: ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಜಾಸ್ತಿ ಆಂಪಿಯರಿನದ್ದು ಹಾಕಬೇಡಿ. ಆಗ ಫ್ಯೂಸ್ ಬದಲು ವೈರ್ ಸುಡುತ್ತೆ, ಗಾಡಿಗೇ ಬೆಂಕಿ ಹತ್ತಬಹುದು.

ಅರ್ತ್ ಸರಿಯಿದ್ದೂ ಸೆಲ್ಫ್ ನಿಧಾನ ಅಂದರೆ ಪಾಸಿಟಿವ್ ಕಡೆಯನ್ನೂ ಹೀಗೇ ನೋಡಿ, ಬ್ಯಾಟರಿ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ. ಅಲ್ಲಿ 0.5 ವೋಲ್ಟ್‌ವರೆಗೆ ನಡೆಯುತ್ತೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿಲ್ಲ, ಇಲ್ಲವೇ ಸೆಲ್ಫ್ ಮೋಟಾರೇ ಜಾಸ್ತಿ ಎಳೆಯುತ್ತಿದೆ.

ಆಲ್ಟರ್ನೇಟರ್ ವಿಚಾರ ಕೊನೆಗೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇದ್ದು, ಹೆಡ್‌ಲೈಟ್ ಹಾಕಿದರೂ ಅಲ್ಲೇ ನಿಂತರೆ ಅದಕ್ಕೆ ದುಡ್ಡು ಸುರಿಯಬೇಡಿ. ಅಳೆದ ನಂಬರುಗಳನ್ನು ಇಲ್ಲೇ ಬರೆಯಿರಿ, ಮುಂದೆ ಯಾವ ಕಡೆ ಹುಡುಕಬೇಕು ಅಂತ ಹೇಳ್ತೀನಿ.