ಕಬ್ಬಿನ ದರ, ಮುಕ್ತ ಮಾರುಕಟ್ಟೆ ಮತ್ತು ಮನೆಗೆ ಬರುವ ಸುದ್ದಿ

ಪ್ರಶ್ನೆ: ಮದ್ದೂರು ತಾಲೂಕಿನಲ್ಲಿ ಎರಡು ಎಕರೆ ಕಬ್ಬು ಬೆಳೆಯುತ್ತೇನೆ. ಟಿವಿ ಚರ್ಚೆಯಲ್ಲಿ ಒಬ್ಬರು, ‘ಸರ್ಕಾರ ಪಕ್ಕಕ್ಕೆ ಸರಿದರೆ ಸಾಕು, ಮಾರುಕಟ್ಟೆಯೇ ರೈತನಿಗೆ ಸರಿಯಾದ ಬೆಲೆ ಕೊಡುತ್ತದೆ’ ಅಂದರು. ಕಾಲೇಜಿಗೆ ಹೋಗುವ ಮಗನೂ ಅದನ್ನೇ ಹೇಳುತ್ತಾನೆ. ಹಾಗಾದರೆ ನಾವು ದರಕ್ಕಾಗಿ ರಸ್ತೆಗೆ ಇಳಿಯುವುದು ತಪ್ಪಾ?

ಉತ್ತರ: ತಪ್ಪಲ್ಲ. ಮಗನ ಪಠ್ಯದಲ್ಲಿ ಇರುವುದೂ ಸುಳ್ಳಲ್ಲ. ಆದರೆ ಅದೇ ಪಠ್ಯದಲ್ಲಿ ಕೆಲವು ಷರತ್ತುಗಳಿವೆ, ಅವನ್ನೂ ಓದಲು ಹೇಳಿ. ಕೊಳ್ಳುವವರು ಹಲವರಿರಬೇಕು. ಕೊಳ್ಳುವವನಿಗೆ ಗೊತ್ತಿರುವುದೆಲ್ಲ ಮಾರುವವನಿಗೂ ಗೊತ್ತಿರಬೇಕು. ಬೆಲೆ ಹಿಡಿಸದಿದ್ದರೆ ‘ಬೇಡ ಬಿಡಿ’ ಎಂದು ಎದ್ದು ಬರಲು ಇಬ್ಬರಿಗೂ ಆಗಬೇಕು. ಟಿವಿಯಲ್ಲಿ ಈ ಷರತ್ತುಗಳನ್ನು ಯಾರೂ ಹೇಳುವುದಿಲ್ಲ.

ನಿಮ್ಮ ಗದ್ದೆಯನ್ನೇ ನೋಡಿ. ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನ ಬಿಸಿಲಲ್ಲಿ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕಡಿಯದೆ ಬಿಟ್ಟರೆ ಸೂಲಂಗಿ (ಕಬ್ಬಿನ ಹೂ) ಬಂದು ಬೆಂಡಾಗುತ್ತದೆ. ಕಾರ್ಖಾನೆ ಮಾತ್ರ ವಾರಗಟ್ಟಲೆ ಕಾಯಬಲ್ಲದು. ಕಾಯಲಾಗದವನು ಕಾಯಬಲ್ಲವನ ಎದುರು ಚೌಕಾಸಿ ಮಾಡುವುದು ಹೇಗೆ? ಕೊಳ್ಳುವವನು ಒಬ್ಬನೇ ಆದಾಗ ಬೆಲೆ ಹೇಗೆ ಕುಸಿಯುತ್ತದೆ ಎಂದು ಜೋನ್ ರಾಬಿನ್ಸನ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞೆ 1933ರಲ್ಲೇ ವಿವರಿಸಿದ್ದರು. ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಹುಟ್ಟಿದ್ದೂ ಅದೇ ವರ್ಷ.

ಇನ್ನು ಮಾಹಿತಿ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಟನ್‌ಗೆ 3,550 ರೂಪಾಯಿ. ಪತ್ರಿಕೆಗಳ ತಲೆಬರಹದಲ್ಲಿ ಬರುವುದು ಇಷ್ಟೇ. ಅದು ಸಕ್ಕರೆ ಇಳುವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಶೇ 10.25 ಇದ್ದಾಗಿನ ದರ. ಇಳುವರಿ ಕಡಿಮೆಯಾದರೆ ದರವೂ ಇಳಿಯುತ್ತದೆ. ಶೇ 9.5 ಅಥವಾ ಅದಕ್ಕಿಂತ ಕಡಿಮೆಯಾದರೆ 3,290 ರೂಪಾಯಿಗೆ ಬಂದು ನಿಲ್ಲುತ್ತದೆ. ಅದೂ ಕಾರ್ಖಾನೆ ಬಾಗಿಲಿನ ದರ, ಕಟಾವು ಮತ್ತು ಸಾಗಣೆಯ ಖರ್ಚು ನಿಮ್ಮದೇ. ಇಳುವರಿ ಲೆಕ್ಕ ಹಾಕುವುದು ಎಲ್ಲಿ? ಕಾರ್ಖಾನೆಯ ಪ್ರಯೋಗಾಲಯದಲ್ಲಿ. 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿ ಕೈಗೆ ಬಂದ ರೈತರನ್ನು ನಾನಂತೂ ಭೇಟಿಯಾಗಿಲ್ಲ.

ಒಂದು ಮಾತು ಮಗನ ಪರವಾಗಿಯೂ ಹೇಳಬೇಕು. ಇಂತಿಂಥ ಊರಿನ ಕಬ್ಬು ಇಂಥ ಕಾರ್ಖಾನೆಗೆ ಎಂದು ಪ್ರದೇಶ ಮೀಸಲಿಡುವುದು ಸರ್ಕಾರವೇ. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಅಂತರ ಬೇಕು ಎಂಬುದೂ ಸರ್ಕಾರದ ನಿಯಮ. ಇವುಗಳಿಂದ ಪೈಪೋಟಿ ಕುಗ್ಗಿದೆ ಎಂದರೆ ಒಪ್ಪುತ್ತೇನೆ. ಆದರೆ ನಿಯಮ ತೆಗೆದ ಮಾತ್ರಕ್ಕೆ ನಾಳೆ ಬೆಳಗ್ಗೆ ಎರಡನೇ ಕಾರ್ಖಾನೆ ಬಂದು ನಿಲ್ಲುತ್ತದೆಯೇ? ಕಾರ್ಖಾನೆ ಕಟ್ಟಲು ಕೋಟಿಗಟ್ಟಲೆ ಬೇಕು, ದೂರದ ಕಾರ್ಖಾನೆಗೆ ಸಾಗಿಸಲು ಲಾರಿ ಬಾಡಿಗೆ ಬೇಕು. ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಎರಡನೇ ದಾರಿ ಆಲೆಮನೆ ಒಂದೇ.

ಮಾರುಕಟ್ಟೆ ಚೆನ್ನಾಗಿ ನಡೆಯುವ ಜಾಗವೂ ನಿಮಗೆ ಗೊತ್ತಿರುವುದೇ. ರೇಷ್ಮೆಗೂಡು ತೆಗೆದುಕೊಂಡು ರಾಮನಗರಕ್ಕೆ ಹೋಗಿದ್ದೀರಾ? ಗೂಡೂ ಕಾಯುವುದಿಲ್ಲ, ಬಿಟ್ಟರೆ ಚಿಟ್ಟೆ ಹೊರಬರುತ್ತದೆ. ಆದರೂ ಅಲ್ಲಿ ರೈತನಿಗೆ ಬೆಲೆ ಕೂಗಿಸುವ ಶಕ್ತಿ ಇದೆ. ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಹಲವರಿದ್ದಾರೆ, ಹರಾಜು ಬಹಿರಂಗವಾಗಿ ನಡೆಯುತ್ತದೆ, ತೂಕ ಎಲ್ಲರ ಕಣ್ಣೆದುರು ಆಗುತ್ತದೆ. ಇದೆಲ್ಲ ತಾನಾಗಿ ಬಂದದ್ದಲ್ಲ. 1959ರಲ್ಲಿ ರಾಜ್ಯ ಕಾನೂನು ಮಾಡಿತು, ಚಾವಣಿ ಕಟ್ಟಿತು, ತಕ್ಕಡಿ ಇಟ್ಟಿತು. ಸರ್ಕಾರ ಪಕ್ಕಕ್ಕೆ ಸರಿದದ್ದಕ್ಕಲ್ಲ, ಅಲ್ಲೇ ನಿಂತದ್ದಕ್ಕೆ ಆ ಮಾರುಕಟ್ಟೆ ನಡೆಯುತ್ತಿದೆ. ಟಿವಿ ಚರ್ಚೆಗಳಲ್ಲಿ ರಾಮನಗರದ ಹೆಸರು ಬಂದದ್ದನ್ನು ನಾನು ಕೇಳಿಲ್ಲ. ಯಾಕೆ ಎಂಬುದು ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ಮಾಧ್ಯಮಗಳು ಕಂಪನಿಗಳ ಹಿಡಿತದಲ್ಲಿವೆ ಅನ್ನುತ್ತಾರೆ. ಕಂಪನಿಯವರು ಸಂಪಾದಕರಿಗೆ ಫೋನ್ ಮಾಡಿ ‘ಇದನ್ನು ಹಾಕಬೇಡಿ’ ಅನ್ನುತ್ತಾರೆಯೇ? ಸರ್ಕಾರದ ಹಿಡಿತಕ್ಕಿಂತ ಇದೇ ವಾಸಿ ಅಲ್ವಾ?

ಉತ್ತರ: ಸರ್ಕಾರದ ಬಗ್ಗೆ ನಿಮ್ಮ ಭಯ ನಿಜ ಮೇಡಂ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಠಿಣ ಕಾನೂನು ತಂದಾಗ ‘ತಾತಯ್ಯ’ ಎಂದೇ ಹೆಸರಾದ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆದರೆ ಅಂಥ ಕಾನೂನು ಕಣ್ಣಿಗೆ ಕಾಣುತ್ತದೆ. ಅದನ್ನು ಎದುರಿಸಬಹುದು. ಹಣದ ಹಿಡಿತ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ನನಗೆ ಅದರ ಭಯ ಜಾಸ್ತಿ.

ಫೋನ್ ಬರಬೇಕಾಗಿಯೇ ಇಲ್ಲ. ನಿಮ್ಮ ಮನೆಗೆ ಬರುವ ಪತ್ರಿಕೆಯ ಬೆಲೆ ಹೋಟೆಲಿನ ಒಂದು ಲೋಟ ಕಾಫಿಗಿಂತ ಕಡಿಮೆ. ಕಾಗದ, ಶಾಯಿ, ವರದಿಗಾರರ ಸಂಬಳ, ಬೆಳಗಿನ ಜಾವದ ವ್ಯಾನು, ಇಷ್ಟೆಲ್ಲ ಅದರಲ್ಲಿ ಏಳುವುದಿಲ್ಲ. ಉಳಿದದ್ದನ್ನು ಜಾಹೀರಾತು ತುಂಬುತ್ತದೆ. ಮುಖಪುಟದ ತುಂಬ ಹೊಸ ಬಡಾವಣೆಯ ಜಾಹೀರಾತು ಬಂದ ದಿನ, ಆ ಬಡಾವಣೆಗೆ ಅನುಮೋದನೆ ಇದೆಯಾ ಎಂದು ನೋಡಿಕೊಂಡು ಬರಲು ವರದಿಗಾರನನ್ನು ಕಳಿಸುತ್ತಾರಾ? ಯಾರೂ ‘ಹೋಗಬೇಡ’ ಅಂದಿರುವುದಿಲ್ಲ. ಆತನೇ ಹೋಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಪತ್ರಿಕೆಗೆ ಖಾಸಗಿ ಆಸ್ಪತ್ರೆಗಳ ಶುಲ್ಕದ ಬಗ್ಗೆ ಲೇಖನ ಕಳಿಸಿದ್ದೆ. ಅವರೇ ಕೇಳಿ ಬರೆಸಿದ್ದು. ಅದು ಅಚ್ಚಾಗಲಿಲ್ಲ. ಆ ವಾರದ ಆರೋಗ್ಯ ಪುರವಣಿಯ ಹಿಂಪುಟದಲ್ಲಿ ಪೂರ್ತಿ ಆಸ್ಪತ್ರೆಯ ಜಾಹೀರಾತು ಇತ್ತು. ಬರೆಸಿದ ಉಪಸಂಪಾದಕರು ಒಳ್ಳೆಯ ಮನುಷ್ಯ. ಅವರ ಮುಖದಲ್ಲಿದ್ದ ಸಂಕೋಚ ನನಗೆ ಇನ್ನೂ ನೆನಪಿದೆ.

ಇದನ್ನು ತಡೆಯುವ ಪ್ರಯತ್ನ ಆಗಲೇ ಇಲ್ಲ ಅಂತಲ್ಲ. ಹಣವಂತ ಪತ್ರಿಕೆ ಕಡಿಮೆ ಬೆಲೆಗೆ ಜಾಸ್ತಿ ಪುಟ ಕೊಟ್ಟು ಸಣ್ಣ ಪತ್ರಿಕೆಗಳನ್ನು ಮುಗಿಸಬಾರದು ಎಂದು ಸಂಸತ್ತು 1956ರಲ್ಲಿ ಬೆಲೆ ಮತ್ತು ಪುಟದ ಕಾಯ್ದೆ ಮಾಡಿತು. 1961ರಲ್ಲಿ ಮರಾಠಿಯ ಸಕಾಳ್ ಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರ ಪತ್ರಿಕೆಯ ಪುಟ ಎಣಿಸುವುದು ನನಗೂ ಇಷ್ಟವಿಲ್ಲ. ಆದರೆ ಆ ಕಾಯ್ದೆ ಹೋದ ಜಾಗಕ್ಕೆ ಬೇರೇನೂ ಬರಲಿಲ್ಲ. 2009ರ ಚುನಾವಣೆ ಹೊತ್ತಿಗೆ ಕಾಸು ಕೊಟ್ಟು ಸುದ್ದಿ ಹಾಕಿಸುವ ದಂಧೆ ಎಷ್ಟು ಬೆಳೆದಿತ್ತೆಂದರೆ ಪತ್ರಿಕಾ ಮಂಡಳಿಯೇ ಇಬ್ಬರ ಸಮಿತಿ ಮಾಡಿ ತನಿಖೆ ನಡೆಸಬೇಕಾಯಿತು. 2014ರಲ್ಲಿ ಹಲವು ಸುದ್ದಿ ಚಾನೆಲ್‌ಗಳ ನೆಟ್‌ವರ್ಕ್18 ಕಂಪನಿ ರಿಲಯನ್ಸ್ ಕೈಗೆ ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಮಾಧ್ಯಮದ ಒಡೆತನಕ್ಕೆ ಮಿತಿ ಬೇಕು ಎಂದು ಶಿಫಾರಸು ಮಾಡಿತು. ಅದು ಕಾನೂನಾಗಲಿಲ್ಲ. 2022ರ ಕೊನೆಯಲ್ಲಿ ಎನ್‌ಡಿಟಿವಿ ಅದಾನಿ ಸಮೂಹದ ಪಾಲಾಯಿತು. ಬಂದರು, ವಿದ್ಯುತ್, ಸಿಮೆಂಟು ನಡೆಸುವವರದ್ದೇ ಚಾನೆಲ್ ಆದಾಗ, ಬಂದರು, ವಿದ್ಯುತ್, ಸಿಮೆಂಟಿನ ಸುದ್ದಿಯನ್ನು ಅಲ್ಲಿನ ಪತ್ರಕರ್ತ ಯಾವ ಧೈರ್ಯದಲ್ಲಿ ಬರೆಯಬೇಕು?

ಬೇರೆ ದಾರಿ ಇಲ್ಲವೇ ಎಂದರೆ ಕನ್ನಡದಲ್ಲೇ ಇತ್ತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಯಿತು. ಮಂಡ್ಯದ ಬಸ್ ನಿಲ್ದಾಣದಲ್ಲಿ ಅದನ್ನು ಕೊಳ್ಳಲು ನಾನು ವಾರವಿಡೀ ಕಾಯುತ್ತಿದ್ದೆ.

ಪ್ರಶ್ನೆ: ಕಾಸಿನ ಸುದ್ದಿ ಎಂದು ಅನುಮಾನ ಬಂದರೆ ನಮ್ಮಂಥವರು ಏನು ಮಾಡಬಹುದು? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ಮೊದಲು ಪುಟದ ಮೂಲೆ ನೋಡಿ. ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು ಸಣ್ಣಕ್ಷರದಲ್ಲಿ ಇರಬಹುದು. ಒಂದೇ ಹೊಗಳಿಕೆ ಎರಡು ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಬಂದಿದ್ದರೆ ಎರಡನ್ನೂ ಕತ್ತರಿಸಿ ಇಟ್ಟುಕೊಳ್ಳಿ. ಪತ್ರಿಕೆ ಯಾರದು ಎಂದು ತಿಳಿಯಲು ಗ್ರಂಥಾಲಯದಲ್ಲಿ ಹಳೆಯ ಮಾರ್ಚ್ ಮೊದಲ ವಾರದ ಸಂಚಿಕೆಗಳನ್ನು ತೆಗೆಸಿ. ಶೇ 1ಕ್ಕಿಂತ ಜಾಸ್ತಿ ಪಾಲು ಇರುವವರ ಹೆಸರು ‘ನಮೂನೆ 4’ ಎಂಬ ಪ್ರಕಟಣೆಯಲ್ಲಿರುತ್ತದೆ.

ದೂರು ಕೊಡುವುದಾದರೆ ಮೊದಲು ಸಂಪಾದಕರಿಗೆ ಲಿಖಿತವಾಗಿ ಬರೆಯಿರಿ. ಉತ್ತರ ಬರದಿದ್ದರೆ, ದಿನಪತ್ರಿಕೆಯಾದರೆ ಸುದ್ದಿ ಅಚ್ಚಾದ ಎರಡು ತಿಂಗಳೊಳಗೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ಕಳಿಸಬೇಕು. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ, ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ಅಷ್ಟಾದರೂ ದಾಖಲೆಯಲ್ಲಿ ಉಳಿಯುತ್ತದೆ. ಚುನಾವಣೆ ಸಮಯವಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಾಧ್ಯಮ ಉಸ್ತುವಾರಿ ಸಮಿತಿ ಇರುತ್ತದೆ, ನೇರ ಅಲ್ಲಿಗೇ ಕೊಡಿ. ಪತ್ರಿಕೆಯ ಮೂಲ ಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.