ಹೊಗೆಯ ಬಣ್ಣದ ಜೊತೆಗೆ ಅದು ಬರುವ ಹೊತ್ತನ್ನೂ ನೋಡಿ

ಪ್ರಶ್ನೆ: ನಮ್ಮದು ಆರು ಸಿಲಿಂಡರಿನ, ಟರ್ಬೊ ಮತ್ತು ಇಂಟರ್‌ಕೂಲರ್ ಇರುವ ಹಳೆಯ ಲಾರಿ, ಡೀಸೆಲ್ ಪಂಪು ಮೆಕ್ಯಾನಿಕಲ್. ಇತ್ತೀಚೆಗೆ ಲೋಡ್ ಹಾಕಿಕೊಂಡು ಏರು ಹತ್ತುವಾಗ ದಟ್ಟವಾದ ಕಪ್ಪು ಹೊಗೆ ಬರುತ್ತಿದೆ, ಪಿಕಪ್ ಕಡಿಮೆಯಾಗಿದೆ, ಮೈಲೇಜೂ ಇಳಿದಿದೆ. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಬಿಟ್ಟರೆ ಹೊಗೆ ಕಾಣುವುದಿಲ್ಲ. ಆರೂ ಇಂಜೆಕ್ಟರ್‌ಗಳ ನಾಜಲ್ ಬದಲಿಸಿ ಪಂಪನ್ನು ಕ್ಯಾಲಿಬ್ರೇಷನ್‌ಗೆ ಕಳಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಐಡ್ಲಿಂಗ್‌ನಲ್ಲಿ ಹೊಗೆಯಿಲ್ಲ, ಲೋಡ್ ಬಿದ್ದಾಗ ಮಾತ್ರ ಬರುತ್ತದೆ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರವಿದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟು ಅದು ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲೂ ಒಂದೇ ಸಮನೆ ಓಡದೆ ತಡವರಿಸುತ್ತದೆ. ಅದೂ ಅಲ್ಲದೆ ಆರೂ ನಾಜಲ್‌ಗಳು ಒಟ್ಟಿಗೇ ಕೆಡುವುದು ಅಪರೂಪ. ಕಪ್ಪು ಹೊಗೆ ಎಂದರೆ ಪೂರ್ತಿ ಉರಿಯದೆ ಮಸಿಯಾಗಿ ಹೊರಬಿದ್ದ ಡೀಸೆಲ್. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರವೇ ಸುಮಾರು 14.5 ಕಿಲೋ ಗಾಳಿ ಬೇಕು, ಹೊಗೆಯಿಲ್ಲದೆ ಓಡಲು ಅದಕ್ಕಿಂತ ಸಾಕಷ್ಟು ಹೆಚ್ಚೇ ಬೇಕು. ಏರಿನಲ್ಲಿ ಪಂಪು ಹೆಚ್ಚು ಡೀಸೆಲ್ ಕೊಡುತ್ತಿರುವ ಹೊತ್ತಿಗೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಅಷ್ಟು ಗಾಳಿಯನ್ನು ಒದಗಿಸದಿದ್ದರೆ ನೀವು ವಿವರಿಸಿದ ಲಕ್ಷಣಗಳೆಲ್ಲವೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಡೀಸೆಲ್ ಕಡೆಗೆ ಕೈಹಾಕುವ ಮೊದಲು ಗಾಳಿಯ ದಾರಿಯನ್ನು ಕೊನೆಯವರೆಗೆ ಪರೀಕ್ಷಿಸಿ.

ಮೊದಲು ಏರ್ ಫಿಲ್ಟರ್. ಕಣ್ಣಿಗೆ ಸ್ವಚ್ಛವಾಗಿ ಕಂಡ ಫಿಲ್ಟರ್ ಕೂಡ ಉಸಿರು ಕಟ್ಟಿಸಬಲ್ಲದು, ಆದ್ದರಿಂದ ಫಿಲ್ಟರ್ ಡಬ್ಬಿಯ ಮೇಲಿನ ಇಂಡಿಕೇಟರ್ ನಂಬಿ. ಬಹಳಷ್ಟು ಹೆವಿ ಎಂಜಿನ್‌ಗಳಲ್ಲಿ ಫಿಲ್ಟರ್ ಒಡ್ಡುವ ತಡೆಗೆ 25 ಇಂಚು ನೀರಿನ ಒತ್ತಡ, ಅಂದರೆ ಸುಮಾರು 6.2 ಕಿಲೋಪಾಸ್ಕಲ್, ಕೊನೆಯ ಮಿತಿ. ಅದು ಸರಿಯಿದ್ದರೆ ಟರ್ಬೊದಿಂದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಅದನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್‌ಗಳ ಪ್ರತಿಯೊಂದು ಜಾಯಿಂಟನ್ನೂ ಟಾರ್ಚ್ ಹಿಡಿದು ನೋಡಿ. ಗಾಳಿ ಸೋರುವ ಜಾಗದಲ್ಲಿ ಕ್ಲ್ಯಾಂಪಿನ ಅಂಚಿನಿಂದ ಹೊರಟ, ಎಣ್ಣೆಜಿಡ್ಡು ಬೆರೆತ ಧೂಳಿನ ಕಪ್ಪು ಗೆರೆ ಇರುತ್ತದೆ. ಹೋಸಿನ ಕೆಳಮೈಯನ್ನು ಕೈಯಾಡಿಸಿಯೇ ನೋಡಬೇಕು, ಏಕೆಂದರೆ ಸೀಳು ಹೆಚ್ಚಾಗಿ ಅಲ್ಲೇ ಇರುತ್ತದೆ ಮತ್ತು ಎಂಜಿನ್ ನಿಂತಾಗ ಮುಚ್ಚಿಕೊಂಡು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಮಾತ್ರ ಬಾಯಿ ಬಿಡುತ್ತದೆ.

ಇಷ್ಟಾದರೂ ಏನೂ ಸಿಗದಿದ್ದರೆ ಇಂಟರ್‌ಕೂಲರಿನ ಎರಡೂ ಬಾಯಿಗೆ ಬಿರಡೆ ಬಿಗಿದು ಒತ್ತಡ ಪರೀಕ್ಷೆ ಮಾಡಿಸಿ. ಸಾಮಾನ್ಯ ರೂಢಿಯಂತೆ 30 ಪಿಎಸ್‌ಐ ಗಾಳಿ ತುಂಬಿಸಿ ಸರಬರಾಜು ನಿಲ್ಲಿಸಿದ ಮೇಲೆ 15 ಸೆಕೆಂಡಿನಲ್ಲಿ 5 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ನಿಮ್ಮ ಎಂಜಿನ್ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಪಾಲಿಸಿ. ಬಿರಡೆಗಳನ್ನು ಚೈನ್ ಹಾಕಿ ಕಟ್ಟದೆ ಈ ಪರೀಕ್ಷೆ ಮಾಡಬಾರದು, ಅವುಗಳ ಎದುರಿಗೆ ಯಾರೂ ನಿಲ್ಲಲೂಬಾರದು.

ಟರ್ಬೊ ಶಾಫ್ಟಿನಲ್ಲಿ ಅಡ್ಡಕ್ಕೆ ಸ್ವಲ್ಪ ಆಟ ಇದ್ದೇ ಇರುತ್ತದೆ. ಎಂಜಿನ್ ನಿಲ್ಲಿಸಿ ಆರಿದ ಮೇಲೆ ಬೆರಳಿನಿಂದ ತಿರುಗಿಸಿದಾಗ ಚಕ್ರ ಹೌಸಿಂಗಿಗೆ ತಗುಲಿದರೆ ಮಾತ್ರ ಅದನ್ನು ಬಿಚ್ಚಬೇಕು. ಹೆಚ್ಚಿನವರು ಮರೆಯುವ ಇನ್ನೆರಡು ಜಾಗಗಳಿವೆ. ಟರ್ಬೊಗಿಂತ ಮುಂಚಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಟರ್ಬೊವನ್ನು ತಿರುಗಿಸಬೇಕಾದ ಬಲವೇ ಸೋರಿಹೋಗುತ್ತದೆ. ಎಕ್ಸಾಸ್ಟ್ ಬ್ರೇಕಿನ ಫ್ಲಾಪ್ ಅರ್ಧ ಮುಚ್ಚಿದಂತೆಯೇ ಸಿಕ್ಕಿಕೊಂಡಿದ್ದರೆ ಹೊಗೆ ಹೊರಹೋಗಲು ದಾರಿಯಿಲ್ಲದೆ ಹೊಸ ಗಾಳಿ ಒಳಬರುವುದೂ ಕಡಿಮೆಯಾಗುತ್ತದೆ. ಆ ಫ್ಲಾಪಿನ ಲಿವರ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು.

ಗಾಳಿಯ ಕಡೆ ಎಲ್ಲವೂ ಸರಿಯೆಂದು ಖಚಿತವಾದ ಮೇಲೆ ಟ್ಯಾಪೆಟ್ (ವಾಲ್ವಿನ ಸಂದು), ಪಂಪ್ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಆಮೇಲೆ ನಾಜಲ್ ನೋಡಿ. ನಿಮ್ಮ ಪಂಪಿನ ಮೇಲೆ ಬೂಸ್ಟ್ ಒತ್ತಡಕ್ಕೆ ತಕ್ಕಂತೆ ಡೀಸೆಲ್ ಹಿಡಿದಿಡುವ ಡಯಾಫ್ರಾಮ್ ಇದ್ದು, ಪಿಕಪ್ ಹೆಚ್ಚಿಸಲೆಂದು ಯಾರಾದರೂ ಅದರ ಸ್ಕ್ರೂ ತಿರುಗಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಅಂಥ ಲಾರಿಗಳು ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಮುದ್ದೆ ಕಪ್ಪು ಹೊಗೆ ಉಗುಳುತ್ತವೆ. ದುರ್ಬಲ ಸಿಲಿಂಡರನ್ನು ಹುಡುಕಲು ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವ ಹಳೆಯ ಪದ್ಧತಿ ನಿಮ್ಮ ಎಂಜಿನ್ನಿಗೆ ನಡೆಯುತ್ತದೆ: ಸಡಿಲಿಸಿದರೂ ಎಂಜಿನ್ ಸದ್ದು ಬದಲಾಗದ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಆದರೆ ಇದನ್ನು ಓದುತ್ತಿರುವ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ) ಎಂಜಿನ್ ಮಾಲೀಕರು ಎಂದಿಗೂ ಹಾಗೆ ಮಾಡಬಾರದು. ಅಲ್ಲಿನ ಒತ್ತಡ 1,600 ಬಾರ್ ದಾಟಬಹುದು. ಆ ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಅಂಥ ಎಂಜಿನ್‌ಗಳಲ್ಲಿ ಸ್ಕ್ಯಾನರಿನಿಂದಲೇ ಸಿಲಿಂಡರ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲುತ್ತಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ?

ಉತ್ತರ: ವಾಸನೆ ಮತ್ತು ಕೂಲಂಟ್ ಮಟ್ಟ ಎರಡನ್ನೂ ನೋಡದೆ ಹೇಳಲಾಗದು. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆಯಿದ್ದು ಹೊಗೆ ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದು ಉರಿಯದ ಡೀಸೆಲ್: ಕಂಪ್ರೆಷನ್ ಇಳಿದಿರಬಹುದು, ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲವೇ ಒಂದು ಇಂಜೆಕ್ಟರ್ ಸೋರುತ್ತಿರಬಹುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ರತಿ ಕವಲಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಬಿಸಿಯಾಗಲು ಹಿಂದುಳಿದ ಸಿಲಿಂಡರ್ ತಾನಾಗಿಯೇ ಗೊತ್ತಾಗುತ್ತದೆ. ವಾಸನೆ ಸಿಹಿಯಾಗಿದ್ದು ಹೊಗೆ ಹಬೆಯಂತೆ ಬೇಗ ಕರಗುತ್ತಿದ್ದರೆ, ಜೊತೆಗೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಅದು ಸಿಲಿಂಡರಿಗೋ ಎಕ್ಸಾಸ್ಟಿಗೋ ಸೇರುತ್ತಿದೆ. ಆಗಲೂ ಹೆಡ್ ಬಿಚ್ಚುವ ಮೊದಲು, ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ) ಇರುವ ಎಂಜಿನ್ನಾದರೆ ಅದನ್ನು ಪರೀಕ್ಷಿಸಿ. ಗ್ಯಾಸ್ಕೆಟ್‌ನ ಮೇಲೆ ಹೊರಿಸುವ ತಪ್ಪು ಎಷ್ಟೋ ಸಲ ಆ ಕೂಲರಿನದಾಗಿರುತ್ತದೆ. ಅದು ತೀರ್ಮಾನವಾಗುವ ತನಕ ಲಾರಿ ಓಡಿಸಬೇಡಿ. ರಾತ್ರಿಯಿಡೀ ಸಿಲಿಂಡರಿನಲ್ಲಿ ನಿಂತ ಕೂಲಂಟ್ ಮೇಲೆ ಪಿಸ್ಟನ್ ಏರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪ್ರಶ್ನೆ: ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದು ನಿಲ್ಲುತ್ತದೆ. ಬೋರ್ ಮಾಡಿಸಬೇಕೇ (ಸಿಲಿಂಡರ್ ಕೊರೆಸಬೇಕೇ)?

ಉತ್ತರ: ನೀಲಿ ಹೊಗೆ ಉರಿಯುತ್ತಿರುವ ಆಯಿಲ್‌ನದು, ಆದರೆ ಇಳಿಜಾರಿನ ನಂತರ ಮಾತ್ರ ಕಾಣಿಸುವುದು ವಾಲ್ವ್ ಗೈಡ್ ಅಥವಾ ಸೀಲ್ ಕಡೆಗೆ ಬೊಟ್ಟು ಮಾಡುತ್ತದೆ. ರಿಂಗ್ ಸವೆದಿದ್ದರೆ ಲೋಡಿನಲ್ಲೂ ಹೊಗೆ ಬರುತ್ತದೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ರಭಸದ ಉಸಿರು ಹೊರಡುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತು ದಾಟಿದೆಯೇ, ಟರ್ಬೊದಿಂದ ಆಯಿಲ್ ಇಳಿಯುವ ಪೈಪು ಕಟ್ಟಿಕೊಂಡಿದೆಯೇ ಎಂಬುದನ್ನು ನೋಡಿ, ಕಂಪ್ರೆಷನ್ ಪರೀಕ್ಷೆಯ ಅಂಕಿಗಳನ್ನು ಬರೆದುಕೊಂಡ ನಂತರವೇ ಎಂಜಿನ್ ಕೆಳಗಿಳಿಸುವ ಮಾತು.